ಕ್ರೆಡಿಟ್: ಅದು ಯಾರ ಪುಸ್ತಕ?

(ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಬಿ.ಕಾಂ. ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ವಿದ್ಯಾರ್ಥಿಗಳು ಕೇಳಿದ್ದನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಲೆಕ್ಕದ ಬಗ್ಗೆ ಮಾತು ಇಟ್ಟಿದ್ದಾರೆ. ಇದು ನಿಮಗೆ ಕೊಟ್ಟ ಶಿಕ್ಷೆಯೋ ನನಗೆ ಕೊಟ್ಟದ್ದೋ ಗೊತ್ತಿಲ್ಲ. ನಿದ್ದೆ ಬಾರದ ಹಾಗೆ ಒಂದು ಕೆಲಸ ಮಾಡೋಣ. ಎಲ್ಲರೂ ಫೋನ್ ತೆಗೆಯಿರಿ. ಹೌದು, ಕ್ಲಾಸಿನಲ್ಲೇ. ಬ್ಯಾಂಕಿನಿಂದ ಕೊನೆಗೆ ಬಂದ ಮೆಸೇಜು ನೋಡಿ.

ವಿದ್ಯಾರ್ಥಿವೇತನ ಬಂದಿದ್ದರೆ ‘ಕ್ರೆಡಿಟೆಡ್’ ಅಂತ ಇರುತ್ತದೆ. ಬೇಕರಿಯಲ್ಲಿ ಪಫ್ಸ್ ತಿಂದು ಸ್ಕ್ಯಾನ್ ಮಾಡಿದ್ದರೆ ‘ಡೆಬಿಟೆಡ್’ ಅಂತ. ಮನೆಯಲ್ಲಿ ಅಮ್ಮನೂ ಇದೇ ಅರ್ಥದಲ್ಲಿ ಕೇಳುತ್ತಾರೆ, ‘ಗೃಹಲಕ್ಷ್ಮಿ ದುಡ್ಡು ಕ್ರೆಡಿಟ್ ಆಯ್ತಾ ನೋಡೋ’ ಅಂತ. ಕ್ರೆಡಿಟ್ ಅಂದರೆ ಬಂತು, ಡೆಬಿಟ್ ಅಂದರೆ ಹೋಯ್ತು. ಇಷ್ಟು ಇಡೀ ಊರಿಗೆ ಗೊತ್ತು.

ಈಗ ಅಕೌಂಟೆನ್ಸಿ ನೋಟ್ಸ್ ತೆಗೆಯಿರಿ. ಮೊದಲ ಪಾಠದಲ್ಲೇ ಏನು ಬರೆಸಿದ್ದಾರೆ? ಬಂದದ್ದಕ್ಕೆ ಡೆಬಿಟ್, ಹೋದದ್ದಕ್ಕೆ ಕ್ರೆಡಿಟ್. ನಗದು ಕೈಗೆ ಬಂದರೆ ನಗದು ಖಾತೆಗೆ ಡೆಬಿಟ್. ಪೂರ್ತಿ ಉಲ್ಟಾ, ಅಲ್ವಾ? ಬ್ಯಾಂಕು ಸುಳ್ಳು ಹೇಳುತ್ತಿದೆಯೋ, ನಿಮ್ಮ ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೋ?

ನಾನು ಬಿ.ಕಾಂ. ಓದುವಾಗ ಇದನ್ನು ಬಾಯಿಪಾಠ ಮಾಡಿ ಪಾಸಾದೆ. ಅರ್ಥ ಆಗಿದ್ದು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದ ಮೇಲೆ. ಅದೂ ಒಬ್ಬರು ಕೌಂಟರಿಗೆ ಬಂದು ಜಗಳ ತೆಗೆದ ಮೇಲೆ. ಅವರು ಬೆಲ್ಲದ ಮಂಡಿ ಇಟ್ಟವರು. ತಮ್ಮ ಕಿರ್ದಿ ಪುಸ್ತಕವನ್ನೂ ನಮ್ಮ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಹರಡಿದರು. ‘ನಾನು ಡೆಬಿಟ್ ಅಂತ ಬರೆದದ್ದನ್ನೆಲ್ಲ ನೀವು ಕ್ರೆಡಿಟ್ ಅಂತ ಬರೆದಿದ್ದೀರಿ. ಯಾರಯ್ಯಾ ನಿನಗೆ ಕೆಲಸ ಕೊಟ್ಟಿದ್ದು?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಹಿಂದೆ ನೋಟು ಎಣಿಸುತ್ತಿದ್ದ ಹಿರಿಯ ಕ್ಯಾಷಿಯರ್ ತಲೆ ಎತ್ತದೆಯೇ ಹೇಳಿದರು: ‘ಸ್ವಾಮಿ, ಅದು ನಿಮ್ಮ ಪುಸ್ತಕ. ಇದು ನಮ್ಮ ಪುಸ್ತಕ.’

ಮಂಡಿಯವರು ಒಂದು ಗಳಿಗೆ ಸುಮ್ಮನಿದ್ದು, ನಕ್ಕು, ಹೊರಟುಹೋದರು. ಇವತ್ತು ನಾನು ಹೇಳಲು ಬಂದಿರುವುದೂ ಆ ಎರಡು ವಾಕ್ಯವನ್ನೇ. ಉಳಿದದ್ದೆಲ್ಲ ಅದರ ಒಗ್ಗರಣೆ.

ನಮ್ಮಪ್ಪನಿಗೆ ಬಸ್ ಸ್ಟ್ಯಾಂಡ್ ಪಕ್ಕ ಒಂದು ಕಿರಾಣಿ ಅಂಗಡಿ ಇತ್ತು. ಗೋಡೆಯ ಮೇಲೆ ‘ಇವತ್ತು ನಗದು, ನಾಳೆ ಉದ್ರಿ’ ಅಂತ ಬೋರ್ಡು. ಅದರ ಕೆಳಗೇ ಉದ್ರಿ ಪುಸ್ತಕ! ಒಂದೊಂದು ಮನೆಗೆ ಒಂದೊಂದು ಪುಟ. ಎರಡು ಕೆ.ಜಿ. ಸಕ್ಕರೆ ಒಯ್ದರೆ ಆ ಮನೆಯ ಪುಟದಲ್ಲಿ ಬಾಕಿ. ತಿಂಗಳ ಕೊನೆಗೆ ದುಡ್ಡು ತಂದುಕೊಟ್ಟರೆ ಅದೇ ಪುಟದಲ್ಲಿ ಜಮಾ. ಬಾಕಿ ಅಂದರೆ ಡೆಬಿಟ್, ಜಮಾ ಅಂದರೆ ಕ್ರೆಡಿಟ್. ಪಡೆದವನಿಗೆ ಡೆಬಿಟ್, ಕೊಟ್ಟವನಿಗೆ ಕ್ರೆಡಿಟ್. ಅಪ್ಪ ನಾಲ್ಕನೇ ಕ್ಲಾಸು ಓದಿದವರು. ಈ ನಿಯಮವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಕೆಲವು ಮನೆಯವರು ತಮ್ಮದೂ ಒಂದು ಸಣ್ಣ ಪುಸ್ತಕ ತರುತ್ತಿದ್ದರು. ಅಪ್ಪ ತಮ್ಮ ಪುಟದಲ್ಲಿ ಏನು ಬರೆದರೋ ಅದನ್ನೇ ಅದರಲ್ಲೂ ಬರೆದುಕೊಡುತ್ತಿದ್ದರು. ಗಮನಿಸಿ, ಆ ಸಣ್ಣ ಪುಸ್ತಕ ಇರುತ್ತಿದ್ದದ್ದು ಗಿರಾಕಿಯ ಮನೆಯಲ್ಲಿ. ಆದರೆ ಅದರೊಳಗಿನ ಲೆಕ್ಕ ಅಂಗಡಿಯದು. ಪಾಸ್‌ಬುಕ್ ಅಂದರೆ ಇದೇ. ನಿಮ್ಮ ಬೀರುವಿನಲ್ಲಿರುವ ಬ್ಯಾಂಕಿನ ಪುಸ್ತಕ. ಬ್ಯಾಂಕು ತನ್ನ ಲೆಡ್ಜರಿನಲ್ಲಿ ನಿಮ್ಮ ಹೆಸರಿನ ಪುಟ ತೆರೆದಿದೆ, ಅದರ ನಕಲು. ಫೋನಿಗೆ ಬರುವ ಮೆಸೇಜೂ ಅಷ್ಟೇ.

ನೀವು 2,000 ರೂಪಾಯಿ ಕಟ್ಟಿದಿರಿ. ಬ್ಯಾಂಕಿನ ಕಣ್ಣಿನಲ್ಲಿ ನೀವು ಕೊಟ್ಟವರು. ಹಾಗಾಗಿ ನಿಮ್ಮ ಪುಟಕ್ಕೆ ಕ್ರೆಡಿಟ್. ಬ್ಯಾಂಕಿನ ಪೆಟ್ಟಿಗೆಗೆ ನಗದು ಬಂತು, ಹಾಗಾಗಿ ಬ್ಯಾಂಕಿನ ನಗದು ಖಾತೆಗೆ ಡೆಬಿಟ್. ಮೆಸೇಜು ಬರುವುದು ಮೊದಲನೆಯದರ ಬಗ್ಗೆ ಮಾತ್ರ. ಇದೇ ವ್ಯವಹಾರವನ್ನು ನಿಮ್ಮ ಮನೆಯ ಪುಸ್ತಕದಲ್ಲಿ ಬರೆದರೆ ಬ್ಯಾಂಕು ಪಡೆದವನು. ಆದ್ದರಿಂದ ಬ್ಯಾಂಕಿನ ಖಾತೆಗೆ ಡೆಬಿಟ್. ಮೇಷ್ಟ್ರೂ ಸರಿ, ಬ್ಯಾಂಕೂ ಸರಿ. ಮುಂದೆ ನಿಮಗೆ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಒಂದು ಪಾಠ ಬರುತ್ತದೆ. ಹುಡುಗರು ಹೆದರಿ ಸಾಯುತ್ತಾರೆ. ಅದು ಬೆಲ್ಲದ ಮಂಡಿಯವರ ಜಗಳವನ್ನು ಕೂತು ಬಗೆಹರಿಸುವ ಕೆಲಸ, ಬೇರೇನೂ ಅಲ್ಲ.

ಅಂದರೆ ಉಳಿತಾಯ ಖಾತೆಯಲ್ಲಿ ದುಡ್ಡಿಟ್ಟ ಪ್ರತಿಯೊಬ್ಬರೂ ಬ್ಯಾಂಕಿಗೆ ಸಾಲ ಕೊಟ್ಟವರೇ. ಸಾಲ ಕೊಟ್ಟವನು ಕ್ರೆಡಿಟರ್, ತೆಗೆದುಕೊಂಡವನು ಡೆಟರ್. ಯಾರು ಯಾರು ಅಂತ ಮರೆತರೆ ನಮ್ಮ ಗಾದೆ ನೆನಪಿಸಿಕೊಳ್ಳಿ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಇಲ್ಲಿ ಕೋಡಂಗಿ ನಾವು. ಕೋಡಂಗಿಗೆ ಸ್ವಲ್ಪ ರಕ್ಷಣೆಯೂ ಇದೆ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಉಂಟು. 2020ಕ್ಕೆ ಮೊದಲು ಅದು ಬರೀ 1 ಲಕ್ಷ ಇತ್ತು.

ಡೆಟರ್ ಅನ್ನುವಾಗ ಒಂದು ಮಾತು. ಸ್ಪೆಲಿಂಗಿನಲ್ಲಿ ‘ಬಿ’ ಇದೆ, ಬಾಯಲ್ಲಿ ಇಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ ‘ಬಿ’ ಇರಲೇ ಇಲ್ಲ. ಇದರ ಮೂಲ ಲ್ಯಾಟಿನ್, ಅಲ್ಲಿ ‘ಬಿ’ ಉಂಟು ಅಂತ ಪಂಡಿತರು ಆಮೇಲೆ ಅದನ್ನು ತಂದು ತುರುಕಿದರು. ಜನ ಕ್ಯಾರೇ ಅನ್ನಲಿಲ್ಲ, ಹಳೆಯ ಹಾಗೇ ಉಚ್ಚರಿಸಿದರು. ನೀವೂ ಹಾಗೇ ಮಾಡಿ. ಆದರೆ ಡೆಬಿಟ್ ಅನ್ನುವಾಗ ಮಾತ್ರ ‘ಬಿ’ ಬೇಕು.

ಲ್ಯಾಟಿನ್ ಬಂತಲ್ಲ, ಇನ್ನೂ ಸ್ವಲ್ಪ ಅಲ್ಲೇ ಇರೋಣ. ಆ ಭಾಷೆಯಲ್ಲಿ ‘ಕ್ರೇದೆರೆ’ ಅಂದರೆ ನಂಬುವುದು. ‘ಕ್ರೇದಿತ್’ ಅಂದರೆ ‘ನಂಬುತ್ತಾನೆ’. ಸ್ಪೆಲಿಂಗ್ ನಮ್ಮ ಕ್ರೆಡಿಟ್‌ನದೇ! ಡೆಬಿಟ್‌ನ ಮೂಲದಲ್ಲಿರುವುದು ‘ಕೊಡಬೇಕಿದೆ’ ಅನ್ನುವ ಅರ್ಥ. ಈಗ ಎರಡು ಪದವನ್ನೂ ಕನ್ನಡದಲ್ಲಿ ಬಿಡಿಸಿ. ಕ್ರೆಡಿಟ್: ಇವನು ನಮ್ಮನ್ನು ನಂಬಿ ಕೊಟ್ಟಿದ್ದಾನೆ. ಡೆಬಿಟ್: ಇವನು ನಮಗೆ ಕೊಡಬೇಕಿದೆ. ಬಂತು, ಹೋಯ್ತು ಅನ್ನುವ ಅರ್ಥ ಮೂಲದಲ್ಲಿ ಎಲ್ಲೂ ಇಲ್ಲ. ಅದು ನಾವು ಮೆಸೇಜು ನೋಡಿ ನೋಡಿ ಕಟ್ಟಿಕೊಂಡದ್ದು.

‘ಹಾಗಾದರೆ ನಗದು ಪೆಟ್ಟಿಗೆ ಯಾರಿಗೆ ಕೊಡಬೇಕು ಸರ್? ಅದಕ್ಕೆ ಯಾಕೆ ಡೆಬಿಟ್?’ ಅಂತ ಮುಂದಿನ ಸಾಲಿನ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹಳೆಯ ಲೆಕ್ಕಿಗರು ಪೆಟ್ಟಿಗೆಯನ್ನೂ ಒಬ್ಬ ಆಳು ಅಂತ ಊಹಿಸಿಕೊಂಡರು. ನಗದಪ್ಪ ಅನ್ನಿ. ಅವನ ಕೈಗೆ 500 ಕೊಟ್ಟರೆ ಅವನು ನಮಗೆ 500 ಕೊಡಬೇಕಾದವನು. ಆದ್ದರಿಂದ ನಗದಪ್ಪನಿಗೆ ಡೆಬಿಟ್. ಹೀಗೆ ಪ್ರತಿಯೊಂದನ್ನೂ ಎರಡು ಕಡೆ ಬರೆಯುವ ಪದ್ಧತಿ ಇಟಲಿಯ ವರ್ತಕರಲ್ಲಿ ಬೆಳೆಯಿತು. ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಇದನ್ನು ವಿವರಿಸಿದ. ಇದನ್ನು ಕಂಡುಹಿಡಿದವನೇ ಅವನು ಅಂತ ಕೆಲವು ಗೈಡುಗಳಲ್ಲಿ ಇರುತ್ತದೆ. ತಪ್ಪು. ವ್ಯಾಪಾರಿಗಳು ಆಗಲೇ ಮಾಡುತ್ತಿದ್ದದ್ದನ್ನು ಅವನು ಬರೆದಿಟ್ಟ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕ್ರೆಡಿಟ್‌ಗೆ ಕನ್ನಡದಲ್ಲಿ ಏನು? ಜಮಾ ಅಂದಿರಿ. ಸರಿ, ಪುಸ್ತಕದಲ್ಲಿ ಬರೆಯುವ ಕ್ರೆಡಿಟ್‌ಗೆ ಜಮಾ. ಉದ್ರಿ ಅಂದಿರಿ. ಅಂಗಡಿಯಲ್ಲಿ ಆಮೇಲೆ ಕೊಡ್ತೀನಿ ಅನ್ನುವ ಕ್ರೆಡಿಟ್‌ಗೆ ಉದ್ರಿ. ಸಾಲ ಅಂದಿರಿ. ಇದಕ್ಕೆ ಆಮೇಲೆ ಬರುತ್ತೇನೆ. ಆದರೆ ನೀವೆಲ್ಲ ದಿನಾ ಓದುವ ಇನ್ನೊಂದು ಪದ ಇದೆ. ಬರುವಾಗ ಊರಿನ ಬೋರ್ಡು ನೋಡಲಿಲ್ಲವೇ? ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’. ಈ ‘ಪತ್ತು’ ಅಂದರೆ ಏನು?

ಸಭೆ ಮೌನ. ಒಬ್ಬ ‘ಹಳಗನ್ನಡದ ಹತ್ತು’ ಅಂದ. ಕನ್ನಡ ಮೇಷ್ಟ್ರು ಖುಷಿಯಾದರು, ಉತ್ತರ ಮಾತ್ರ ತಪ್ಪು. ಮರಾಠಿಯಲ್ಲಿ ‘ಪತ್’ ಅಂದರೆ ಒಬ್ಬನ ಮೇಲೆ ಜನಕ್ಕಿರುವ ನಂಬಿಕೆ, ಅವನ ಮರ್ಯಾದೆ. ಬೆಳಗಾವಿ ಕಡೆ ಹೋದರೆ ‘ಪತಸಂಸ್ಥಾ’ ಅನ್ನುವ ಬೋರ್ಡುಗಳು ಸಿಗುತ್ತವೆ. ನಮ್ಮ ಪತ್ತು ಅದರ ಸೋದರ. ಅಂದರೆ ಲ್ಯಾಟಿನ್ನಿನ ನಂಬಿಕೆಯೂ ಪತ್ತಿನ ನಂಬಿಕೆಯೂ ಒಂದೇ ಜಾಗಕ್ಕೆ ಬಂದು ನಿಂತಿವೆ. ನಿಘಂಟು ನೋಡಿ ಕೃತಕವಾಗಿ ಹೊಸೆದ ಪದ ಅಲ್ಲ ಇದು. ನನ್ನ ಕೇಳಿದರೆ ಕ್ರೆಡಿಟ್‌ಗೆ ಇದಕ್ಕಿಂತ ಒಳ್ಳೆಯ ಪದ ಇಲ್ಲ. ಬೋರ್ಡಿನ ಮೇಲೆ ಬಿಟ್ಟು ಬೇರೆಲ್ಲೂ ಅದನ್ನು ಬಳಸದೆ ಕೂತಿದ್ದೇವೆ, ಅದೇ ಬೇಜಾರು.

ಈ ಪತ್ತಿಗೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಕತೆ ಇದೆ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರ ಪತ್ತಿನ ಸಂಘಗಳ ಕಾನೂನು ತಂದಿತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ದೇಶಕ್ಕೇ ಮೊದಲನೆಯದು ಅಂತ ಅದಕ್ಕೆ ಹೆಸರು. ಆ ಕಾನೂನಿನಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಒಂದು ಷರತ್ತು ಇತ್ತು. ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಪೂರ್ತಿ ಹೊಣೆ. ಒಬ್ಬ ರೈತನಿಗೆ ಅಡವಿಡಲು ಚಿನ್ನ ಇಲ್ಲದಿರಬಹುದು. ಆದರೆ ಪಕ್ಕದ ಮನೆಯವನಿಗೆ ಅವನ ನಡತೆ ಗೊತ್ತು, ಅವನು ದುಡಿಯುತ್ತಾನೋ ಕುಡಿಯುತ್ತಾನೋ ಗೊತ್ತು. ಆ ತಿಳಿವಳಿಕೆಯನ್ನೇ ಅಡವಾಗಿ ಇಟ್ಟುಕೊಂಡು ಸಾಲ ಕೊಟ್ಟರು. ಪತ್ತು ಅಂದರೆ ಅದು.

ಈಗ ಸಾಲಕ್ಕೆ ಬರುತ್ತೇನೆ. ಕ್ರೆಡಿಟ್ ಮತ್ತು ಲೋನ್ ಒಂದೇ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ. ನಿಮ್ಮಣ್ಣನ ಹತ್ತಿರ 50,000 ಮಿತಿಯ ಕ್ರೆಡಿಟ್ ಕಾರ್ಡ್ ಇದೆ ಅನ್ನಿ. ಇನ್ನೂ ಒಂದು ರೂಪಾಯಿ ಬಳಸಿಲ್ಲ. ಅವನಿಗೆ ಸಾಲ ಇಲ್ಲ. ಆದರೆ ಕ್ರೆಡಿಟ್ ಇದೆ, 50,000 ರೂಪಾಯಿಯಷ್ಟು. ಬ್ಯಾಂಕು ಅಷ್ಟರ ಮಟ್ಟಿಗೆ ನಂಬಿದೆ. ನಂಬಿಕೆಯನ್ನು ಬಳಸಿಕೊಂಡಾಗ ಅದು ಸಾಲವಾಗುತ್ತದೆ. ಡೆಬಿಟ್ ಕಾರ್ಡಿನಲ್ಲಿ ಈ ನಂಬಿಕೆಯ ಮಾತೇ ಇಲ್ಲ. ನಿಮ್ಮ ಪುಟದಲ್ಲಿರುವ ನಿಮ್ಮದೇ ದುಡ್ಡಿಗೆ ಡೆಬಿಟ್ ಬೀಳುತ್ತದೆ, ಅಷ್ಟೇ.

ಪೇಪರಿನಲ್ಲಿ ‘ಬ್ಯಾಂಕ್ ಕ್ರೆಡಿಟ್ ಹೆಚ್ಚಳ’ ಅಂತ ಓದುತ್ತೀರಿ. ಜನ ಜಾಸ್ತಿ ಠೇವಣಿ ಇಟ್ಟರು ಅಂತ ಅರ್ಥ ಮಾಡಿಕೊಂಡರೆ ಕೆಟ್ಟಿರಿ. ಬ್ಯಾಂಕುಗಳು ಕೊಟ್ಟ ಸಾಲ ಹೆಚ್ಚಾಯಿತು ಅಂತ ಅರ್ಥ. ಇಲ್ಲೊಂದು ತಮಾಷೆ ಇದೆ. ಬ್ಯಾಂಕಿನ ಪುಸ್ತಕದಲ್ಲಿ ಸಾಲದ ಖಾತೆಗಳೆಲ್ಲ ಡೆಬಿಟ್ ಬಾಕಿ ತೋರಿಸುತ್ತವೆ. ಆದರೂ ಹೆಸರು ಬ್ಯಾಂಕ್ ಕ್ರೆಡಿಟ್! ಯಾಕೆ? ಇಲ್ಲಿ ನಂಬಿದವನು ಬ್ಯಾಂಕು. ಠೇವಣಿ ಇಟ್ಟಾಗ ನೀವು ಬ್ಯಾಂಕನ್ನು ನಂಬಿದಿರಿ. ಸಾಲ ಕೊಟ್ಟಾಗ ಬ್ಯಾಂಕು ನಿಮ್ಮನ್ನು ನಂಬಿತು. ಯಾರ ಪುಸ್ತಕ ಅಂತ ಕೇಳಿದ ಹಾಗೆ, ಯಾರು ಯಾರನ್ನು ನಂಬಿದರು ಅಂತಲೂ ಕೇಳಿಕೊಳ್ಳಿ. ನನಗೆ ಇದು ಹೊಳೆಯಲು ಹತ್ತು ವರ್ಷ ಹಿಡಿಯಿತು, ನಿಮಗೆ ಹತ್ತು ನಿಮಿಷದಲ್ಲಿ ಕೊಟ್ಟಿದ್ದೇನೆ.

ಇಂಗ್ಲಿಷ್ ವಾಕ್ಯದಲ್ಲಿ ಇದನ್ನು ಬಳಸುವಾಗ ಎಡವುವುದು ಸಣ್ಣ ಪದಗಳಲ್ಲಿ. ‘ಆನ್ ಕ್ರೆಡಿಟ್’ ಅಂದರೆ ಉದ್ರಿಯಾಗಿ. ‘ಇನ್ ಕ್ರೆಡಿಟ್’ ಅಂದರೆ ಖಾತೆಯಲ್ಲಿ ದುಡ್ಡು ಉಳಿದಿದೆ. ‘ಐ ಬಾಟ್ ಇಟ್ ಆನ್ ಕ್ರೆಡಿಟ್’ ಅಂದವನು ಕೊಡಬೇಕಾದವನು. ‘ಮೈ ಅಕೌಂಟ್ ಈಸ್ ಇನ್ ಕ್ರೆಡಿಟ್’ ಅಂದವನು ನಿಶ್ಚಿಂತೆಯಾಗಿ ಮಲಗಿರುವವನು. ಕ್ರಿಯಾಪದವಾದಾಗ ಎರಡು ದಾರಿ ಇವೆ. ದುಡ್ಡಿನಿಂದ ಶುರು ಮಾಡಿದರೆ ‘ಕ್ರೆಡಿಟ್ ದ ಅಮೌಂಟ್ ಟು ಮೈ ಅಕೌಂಟ್’. ಖಾತೆಯಿಂದ ಶುರು ಮಾಡಿದರೆ ‘ಕ್ರೆಡಿಟ್ ಮೈ ಅಕೌಂಟ್ ವಿತ್ ದ ಅಮೌಂಟ್’. ನಾವು ಕನ್ನಡದಲ್ಲೂ ‘ಖಾತೆಗೆ ಜಮಾ’ ಅನ್ನುತ್ತೇವೆ. ಆ ‘ಗೆ’ ಅನ್ನುವುದೇ ಅಲ್ಲಿಯ ‘ಟು’. ಮ್ಯಾನೇಜರಿಗೆ ಅರ್ಜಿ ಬರೆಯುವಾಗ ನೆನಪಿರಲಿ.

ದುಡ್ಡಿನ ಆಚೆಗೂ ಈ ಪದ ಓಡಾಡುತ್ತದೆ. ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳು, ನಿಮ್ಮ ಸೆಮಿಸ್ಟರಿನ ಕ್ರೆಡಿಟ್‌ಗಳು, ‘ಕ್ರೆಡಿಟ್ ಎಲ್ಲಾ ಅವನೇ ತಗೊಂಡ’ ಅನ್ನುವ ಗೊಣಗಾಟ. ಕೊಟ್ಟವನ ಹೆಸರಿನಲ್ಲಿ ಬರೆದಿಡುವುದು ಅನ್ನುವ ಅರ್ಥ ಅಲ್ಲೂ ಮುಂದುವರಿದಿದೆ.

ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬಗ್ಗೆ ನಿಮ್ಮ ಮೇಷ್ಟ್ರು ಹೇಳಲೇಬೇಕು ಅಂದಿದ್ದಾರೆ. 2017ರ ಜುಲೈನಿಂದ ಜಿಎಸ್‌ಟಿ ಜಾರಿಯಲ್ಲಿದೆ. ನೋಂದಾಯಿತ ವ್ಯಾಪಾರಿಯೊಬ್ಬ 10,000 ರೂಪಾಯಿಯ ಸರಕು ಕೊಂಡ, ತೆರಿಗೆ ಶೇ 18 ಅಂತ ಇಟ್ಟುಕೊಳ್ಳಿ. 1,800 ತೆರಿಗೆ ಕೊಟ್ಟ. ಅದನ್ನೇ 14,000ಕ್ಕೆ ಮಾರಿ 2,520 ತೆರಿಗೆ ವಸೂಲಿ ಮಾಡಿದ. ಸರ್ಕಾರಕ್ಕೆ ಕಟ್ಟಬೇಕಾದ್ದು ಪೂರ್ತಿ 2,520 ಅಲ್ಲ, 720 ಮಾತ್ರ. ಮೊದಲು ಕೊಟ್ಟ 1,800 ಅವನ ಹೆಸರಿನಲ್ಲಿ ಜಮಾ ಇದೆ. ಯಾರ ಪುಸ್ತಕದಲ್ಲಿ? ಸರ್ಕಾರದ ಪುಸ್ತಕದಲ್ಲಿ. ಜಿಎಸ್‌ಟಿ ಪೋರ್ಟಲಿನಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್ ಅಂತಲೇ ಹೆಸರು. ನಮ್ಮಪ್ಪನ ಉದ್ರಿ ಪುಸ್ತಕದ ದೊಡ್ಡಣ್ಣ. ಕ್ರೆಡಿಟ್ ನೋಟ್ ಕೂಡ ಇಂಥದ್ದೇ. ಸರಕು ಕೆಟ್ಟಿದೆ ಅಂತ ವಾಪಸು ಕಳಿಸಿದರೆ, ಮಾರಿದವನು ‘ನಿಮ್ಮ ಪುಟದಲ್ಲಿ ಇಷ್ಟು ಜಮಾ ಮಾಡಿದ್ದೇನೆ’ ಅಂತ ಕೊಡುವ ಚೀಟಿ ಅದು.

ಕ್ರೆಡಿಟ್ ಕಾರ್ಡಿನ ಬಗ್ಗೆ ಹುಡುಗರಿಗೆ ಒಂದೇ ಮಾತು. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಅಂತ ಒಂದು ಸಾಲು ಇರುತ್ತದೆ. ಅಷ್ಟು ಕಟ್ಟಿದರೆ ಸಾಕು ಅಂತ ಅದರ ಅರ್ಥ ಅಲ್ಲ. ಅಷ್ಟು ಕಟ್ಟಿದರೆ ಬಾಕಿದಾರ ಅನ್ನುವ ಹಣೆಪಟ್ಟಿ ತಪ್ಪುತ್ತದೆ ಅಂತ ಮಾತ್ರ. ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. ಬಹಳಷ್ಟು ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ 3ಕ್ಕಿಂತ ಜಾಸ್ತಿ. ವರ್ಷಕ್ಕೆ ಎಷ್ಟು ಅಂತ ನೀವೇ ಗುಣಿಸಿ. ಊರಿನ ಬಡ್ಡಿ ವ್ಯಾಪಾರಿಯನ್ನು ಬೈಯುವಾಗ ಇದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಕಣಗಿನಹಾಳದಲ್ಲಿ ಪಕ್ಕದ ಮನೆಯವನು ಮಾಡಿದ ಕೆಲಸವನ್ನು ಈಗ ಕ್ರೆಡಿಟ್ ಸ್ಕೋರ್ ಮಾಡುತ್ತಿದೆ. ನಾವು ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ ಅದು. ಸಿಬಿಲ್ ಅನ್ನುವ ಕಂಪನಿ ಕೊಡುವ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ನಮ್ಮ ಪರಿಚಯದವರೊಬ್ಬರು ಜೀವನದಲ್ಲಿ ಒಂದು ರೂಪಾಯಿ ಸಾಲ ಮಾಡಿದವರಲ್ಲ. ಹೆಮ್ಮೆಯಿಂದ ಗೃಹಸಾಲಕ್ಕೆ ಹೋದರು. ಅವರ ಹೆಸರಿನಲ್ಲಿ ಸ್ಕೋರೇ ಇರಲಿಲ್ಲ! ಸಾಲ ಪಡೆದು ತೀರಿಸಿದ ದಾಖಲೆ ಇಲ್ಲದಿದ್ದರೆ ಯಂತ್ರಕ್ಕೆ ನೀವು ಒಳ್ಳೆಯವರೋ ಕೆಟ್ಟವರೋ ತಿಳಿಯದು. ಪಕ್ಕದ ಮನೆಯವನಿಗೆ ತಿಳಿಯುತ್ತಿತ್ತು. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದರೆ ಅದೂ ನಿಮ್ಮ ವರದಿಯಲ್ಲಿ ಸೇರುತ್ತದೆ. ವರ್ಷಕ್ಕೆ ಒಂದು ಸಲ ಪೂರ್ತಿ ವರದಿ ಬಿಟ್ಟಿಯಾಗಿ ಪಡೆಯುವ ಹಕ್ಕಿದೆ. ಸುಮ್ನೆ ಒಮ್ಮೆ ತೆಗೆದು ನೋಡಿ.

ಇನ್ನು ಮೋಸದ ವಿಷಯ. ಕ್ರೆಡಿಟ್ ಅಂದರೆ ನಂಬಿಕೆ ಅಂದೆನಲ್ಲ, ಆ ಪದ ಇರುವ ಮೆಸೇಜನ್ನು ಮಾತ್ರ ನಂಬಬೇಡಿ. ‘ನಿಮ್ಮ ಖಾತೆಗೆ ತಪ್ಪಿ 5,000 ಕ್ರೆಡಿಟ್ ಆಗಿದೆ, ವಾಪಸು ಹಾಕಿ ಸರ್’ ಅಂತ ಅಳುವ ದನಿಯಲ್ಲಿ ಫೋನ್ ಬರುತ್ತದೆ. ಜೊತೆಗೆ ಬ್ಯಾಂಕಿನದೇ ಹಾಗೆ ಕಾಣುವ ಮೆಸೇಜು. ಅದು ಅವರೇ ಕುಟ್ಟಿ ಕಳಿಸಿದ್ದು. ಬ್ಯಾಂಕಿನ ಪುಸ್ತಕದಲ್ಲಿ ಏನಿದೆ ಅಂತ ಖಾತೆ ತೆರೆದೇ ನೋಡಿ. ಮತ್ತೆ, ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಒತ್ತಿದರೆ ಅದು ಡೆಬಿಟ್.

ಮಾತು ಮುಗಿಸುವ ಹೊತ್ತಿಗೆ ಕೊನೆಯ ಸಾಲಿನಿಂದ ಒಬ್ಬ ಎದ್ದ. ‘ಸರ್, ನಿಮ್ಮ ತಂದೆಯ ಪುಸ್ತಕದಲ್ಲಿ ಉದ್ರಿ ವಾಪಸು ಕೊಡದೆ ಊರು ಬಿಟ್ಟವರ ಪುಟ ಏನಾಗ್ತಿತ್ತು?’

ಒಳ್ಳೇದು ಕೇಳಿದೆಯಪ್ಪ ಅಂದೆ. ಅಂಥ ಪುಟಕ್ಕೆ ಅಪ್ಪ ಎರಡು ಮೂರು ವರ್ಷ ಕಾಯುತ್ತಿದ್ದರು. ಆಮೇಲೆ ದೀಪಾವಳಿಗೆ ಹೊಸ ಪುಸ್ತಕ ಹಾಕುವಾಗ ಓರೆ ಗೆರೆ ಎಳೆದು ಬಿಟ್ಟುಬಿಡುತ್ತಿದ್ದರು. ನಿಮ್ಮ ಅಕೌಂಟೆನ್ಸಿಯಲ್ಲಿ ಇದು ಬಾರದ ಸಾಲ. ಬಾರದ ಸಾಲದ ಖಾತೆಗೆ ಡೆಬಿಟ್, ಆ ಗಿರಾಕಿಯ ಖಾತೆಗೆ ಕ್ರೆಡಿಟ್. ಅವನು ಒಂದು ಪೈಸೆ ಕೊಡಲಿಲ್ಲ, ಆದರೂ ಅವನ ಪುಟಕ್ಕೆ ಕ್ರೆಡಿಟ್ ಬಿತ್ತು! ಕೊಟ್ಟ ಅಂತ ಅಲ್ಲ. ಇನ್ನು ಅವನಿಂದ ಬರುತ್ತದೆ ಅಂತ ಪುಸ್ತಕದಲ್ಲಿ ತೋರಿಸಿಕೊಂಡು ಕೂರುವುದು ಬೇಡ ಅಂತ.

‘ಅಂದ್ರೆ ಸಾಲ ಮನ್ನಾ ಆಯ್ತಲ್ವಾ ಸರ್?’

ಇಲ್ಲ. ಮನ್ನಾ ಅಂದರೆ ಕೊಟ್ಟವನು ಕೇಳುವ ಹಕ್ಕನ್ನೇ ಬಿಟ್ಟಹಾಗೆ. ಇದು ರೈಟ್ ಆಫ್, ಪುಸ್ತಕ ಚೊಕ್ಕ ಮಾಡಿಕೊಳ್ಳುವುದು. ಬ್ಯಾಂಕುಗಳು ಇಷ್ಟು ಕೋಟಿ ರೈಟ್ ಆಫ್ ಮಾಡಿದವು ಅಂತ ಸುದ್ದಿ ಬಂದಾಗ ಜನ ಮನ್ನಾ ಅಂದುಕೊಂಡು ಬೈಯುತ್ತಾರೆ. ವಸೂಲಿ ಮಾಡುವ ಹಕ್ಕು ಬ್ಯಾಂಕಿಗೆ ಹಾಗೇ ಇರುತ್ತದೆ, ಕೋರ್ಟಿಗೂ ಹೋಗಬಹುದು. ಎಷ್ಟು ವಸೂಲಾಗುತ್ತದೆ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಬೈಯುವುದಾದರೆ ನಾನೂ ಸೇರಿಕೊಳ್ಳುತ್ತೇನೆ. ಸಣ್ಣ ಸಾಲಗಾರನ ಕ್ರೆಡಿಟ್ ವರದಿಯಲ್ಲಂತೂ ‘ರಿಟನ್ ಆಫ್’ ಅಂತ ಬಿದ್ದರೆ ಮುಂದಿನ ಸಾಲ ಹುಟ್ಟುವುದು ಕಷ್ಟ. ಅಪ್ಪನ ಅಂಗಡಿಗೂ ಒಮ್ಮೆ ಹಾಗೆ ಊರು ಬಿಟ್ಟವರೊಬ್ಬರು ಎಂಟು ವರ್ಷದ ಮೇಲೆ ಬಂದು 140 ರೂಪಾಯಿ ಕೊಟ್ಟು ಹೋದರು. ಅಪ್ಪ ಹಳೆಯ ಪುಸ್ತಕ ಹುಡುಕಿ, ಗೆರೆ ಎಳೆದ ಪುಟದ ಕೆಳಗೆ ಜಮಾ ಅಂತ ಬರೆದರು.

ಹುಡುಗ ಕೂರಲಿಲ್ಲ. ತಲೆ ಕೆರೆದುಕೊಂಡು ನಿಂತೇ ಇದ್ದ. ‘ಏನಪ್ಪಾ, ಇನ್ನೇನಾದ್ರೂ ಇದೆಯಾ?’ ಅಂದೆ.

‘ಏನಿಲ್ಲ ಸರ್. ಕ್ಯಾಂಟೀನ್ ಅಣ್ಣನ ಪುಸ್ತಕದಲ್ಲಿ ನಂದೊಂದು ಪುಟ ಇದೆ. ಗೆರೆ ಎಳೆದಿದ್ದಾರಾ ಅಂತ ನೋಡ್ಕೊಂಡು ಬರ್ತೀನಿ.’